ಕ್ಯಾಮೆರಾ ಇಲ್ಲದೆ ಹೋದ ಮದುವೆ

ನಮ್ಮ ಬೀದಿಯಲ್ಲಿ ಎದುರುಬದುರಾಗಿ ಎರಡು ಫೋಟೋ ಸ್ಟುಡಿಯೋಗಳಿವೆ. ಈಚೆಯದು ಫೋಟೋ ಅಕ್ಕನದು, ಆಚೆಯದು ಹಲ್ಲಣ್ಣನದು. ಇಬ್ಬರಿಗೂ ಹೆತ್ತವರಿಟ್ಟ ಹೆಸರುಗಳಿವೆ, ಬೋರ್ಡಿನ ಮೇಲೆ ಇನ್ನೇನೋ ಬರೆದಿದೆ. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ ಈ ಎರಡು ಹೆಸರನ್ನೇ ಹೇಳುತ್ತಾರೆ. ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಅವರ ಹಲ್ಲಿನಿಂದಲ್ಲ. ಮದುವೆಯಲ್ಲಿ ಗುಂಪಿನ ಫೋಟೋ ತೆಗೆಯುವಾಗ ಅವರು "ಹಲ್ಲು, ಹಲ್ಲು! ಎಲ್ಲರ ಹಲ್ಲೂ ಕಾಣ್ಬೇಕು!" ಎಂದು ಕೂಗುತ್ತಾರೆ. ಹೊರಗೆ ಗಾಡಿ ನಿಲ್ಲಿಸುತ್ತಿರುವವರು ಕೂಡ ಅದನ್ನು ಕೇಳಿ ನಕ್ಕುಬಿಡುತ್ತಾರೆ.

ಫೋಟೋ ಅಕ್ಕ ಅದಕ್ಕೆ ತದ್ವಿರುದ್ಧ. ಅವರು ಮದುವೆಮನೆಯಲ್ಲಿ ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಬೂದುಬಣ್ಣದ ಉಡುಪು, ಸದ್ದು ಮಾಡದ ಚಪ್ಪಲಿ, ಬಿಗಿಯಾಗಿ ಕಟ್ಟಿದ ತುರುಬು. ಗಂಡಿನ ಕಡೆಯವರು ಅವರನ್ನು ಹೆಣ್ಣಿನ ಚಿಕ್ಕಮ್ಮ ಎಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರು ಗಂಡಿನ ಸೋದರತ್ತೆ ಎಂದುಕೊಳ್ಳುತ್ತಾರೆ. ಆಲ್ಬಮ್ ಬಂದ ಮೇಲಷ್ಟೇ, "ಅಯ್ಯೋ, ನಾನು ಅಳ್ತಿದ್ದದ್ದನ್ನ ಯಾವಾಗ ತೆಗೆದ್ರು ಇವರು?" ಎಂದು ಬೆರಗಾಗುತ್ತಾರೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಆಕಸ್ಮಿಕ. ಸ್ಟುಡಿಯೋ ತೆರೆದದ್ದು ಅವರ ಯಜಮಾನರು. ಆ ಮನುಷ್ಯ ಗಾಜು ಕತ್ತರಿಸುವುದರಲ್ಲಿ, ಚೌಕಟ್ಟು ಕೂಡಿಸುವುದರಲ್ಲಿ ಪಳಗಿದ ಕೈ. ಆದರೆ ಗುರುತಿಲ್ಲದವರಿಗೆ "ಸ್ವಲ್ಪ ಗಲ್ಲ ಎತ್ತಿ" ಎಂದು ಹೇಳುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಒಂದು ಮದುವೆಯ ಹಿಂದಿನ ದಿನ ಅವರಿಗೆ ಜ್ವರ ಬಂತು. ಬೇರೆ ದಾರಿ ಕಾಣದೆ ಅಕ್ಕ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದರು. ತಿರುಗಿ ಬಂದಾಗ ಯಜಮಾನರು ಕಂಬಳಿಯೊಳಗಿಂದಲೇ, "ಹೇಗಿತ್ತು?" ಎಂದರು. "ಚೆನ್ನಾಗಿತ್ತು. ಇನ್ಮೇಲೆ ನಾನೇ ಹೋಗ್ತೀನಿ," ಎಂದರು ಅಕ್ಕ. ಜ್ವರ ಅರ್ಧ ಅಲ್ಲೇ ಇಳಿಯಿತು ಎಂದು ಯಜಮಾನರು ಈಗಲೂ ಹೇಳಿಕೊಳ್ಳುತ್ತಾರೆ.

ಎದುರಂಗಡಿಯವರ ಜೊತೆ ಅಕ್ಕನಿಗೆ ಮಾತು ಬಿಟ್ಟುಹೋಗಿ ಬಹಳ ವರ್ಷಗಳಾಗಿದ್ದವು. ಕಾರಣ ಕೇಳಿದರೆ ನಗು ಬರುತ್ತದೆ. ಹಲ್ಲಣ್ಣ ಹೊಸದಾಗಿ ಕೆಂಪು ದೀಪದ ಬೋರ್ಡು ಹಾಕಿಸಿದ್ದರು. ಸಂಜೆಯಾದರೆ ಅದರ ಬೆಳಕು ಬೀದಿ ದಾಟಿ ಅಕ್ಕನ ಸ್ಟುಡಿಯೋದೊಳಗೆ ಬೀಳುತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಗುಮಾಸ್ತರೊಬ್ಬರು ಸುಣ್ಣದಂತೆ ಬಿಳಿಚಿಕೊಂಡಿದ್ದವರು ಫೋಟೋದಲ್ಲಿ ಟೊಮೆಟೊ ಹಣ್ಣಾಗಿದ್ದರು. ಅಕ್ಕ ಹೋಗಿ ಕೇಳಿದರು. ಹಲ್ಲಣ್ಣ, "ಬೆಳಕಿಗೆ ಬೇಲಿ ಹಾಕೋಕಾಗುತ್ತಾ?" ಎಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲು ತೆಗೆದರೂ ಒಬ್ಬರು ಬೀಗ ನೋಡುತ್ತಿದ್ದರು, ಇನ್ನೊಬ್ಬರು ಆಕಾಶ ನೋಡುತ್ತಿದ್ದರು.

ಮದುವೆ ಗೊತ್ತಾದ ಜೋಡಿ ಬಂದರೆ ಅಕ್ಕ ಅವರನ್ನು ಮೊದಲು ಕೂರಿಸುತ್ತಿದ್ದರು. ಜೋಡಿಗಳು ಸಾಮಾನ್ಯವಾಗಿ ಗೋಡೆಯ ಮೇಲಿನ ದೊಡ್ಡ ಫೋಟೋಗಳನ್ನೇ ನೋಡುತ್ತ, "ನಮಗೂ ಇಂಥದ್ದೇ ಬೇಕು," ಎನ್ನುತ್ತಿದ್ದರು.

"ಗೋಡೆ ನೋಡಿ ನನ್ನ ಒಪ್ಕೋಬೇಡಿ," ಎನ್ನುತ್ತಿದ್ದರು ಅಕ್ಕ. "ಇಷ್ಟು ವರ್ಷ ಕ್ಯಾಮೆರಾ ಹಿಡಿದಿದೀನಿ, ಗೋಡೆ ತುಂಬುವಷ್ಟು ಒಳ್ಳೆ ಫೋಟೋ ಯಾರಿಗಾದ್ರೂ ಸಿಗುತ್ತೆ. ಇದನ್ನ ನೋಡಿ." ಹೀಗೆಂದು ಒಂದು ಪೂರ್ತಿ ಮದುವೆಯ ಆಲ್ಬಮ್ ತೆಗೆದು ಅವರ ಮಡಿಲಿಗೆ ಹಾಕುತ್ತಿದ್ದರು. "ಬೆಳಿಗ್ಗೆಯಿಂದ ಸಂಜೆವರೆಗೆ ಇದೆ. ಮಧ್ಯಾಹ್ನ ಎಲ್ಲರಿಗೂ ಹಸಿವಾಗಿ, ಮಕ್ಕಳು ರಚ್ಚೆ ಹಿಡಿದು, ಬೆಳಕು ಕೈಕೊಟ್ಟಾಗ ನಾನು ಏನು ಮಾಡ್ತೀನಿ ಅಂತ ನೋಡ್ಕೊಳ್ಳಿ. ಆಮೇಲೆ ಮಾತಾಡೋಣ."

ಅದಾದ ಮೇಲೆ ಕೊನೆಯ ಪ್ರಶ್ನೆ: "ಮನೆಯಲ್ಲಿ ಯಾರ ಪಕ್ಕ ಯಾರು ನಿಲ್ಲಲ್ಲ?" ಜೋಡಿ ಪರಸ್ಪರ ಮುಖ ನೋಡಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಹೂವು, ಬಣ್ಣ, ಉಡುಪು ಎಂದು ಹರಟುತ್ತಿದ್ದವರು ಆಗ ಸಣ್ಣ ದನಿಯಲ್ಲಿ ನಿಜವಾದ ಸಂಗತಿಗಳನ್ನು ಹೇಳತೊಡಗುತ್ತಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಅದೇ.

ಒಂದು ದಿನ ಹಾಗೆ ಬಂದವರಲ್ಲಿ ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತ್ರೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ಓದದೆ ಯಾರಿಗೂ ಕೊಡದ ಜಾಯಮಾನ ಅವಳದು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದ.

"ಉಗುರಿನ ಕಪ್ಪು ಫೋಟೋದಲ್ಲಿ ಕಾಣುತ್ತಾ ಅಕ್ಕಾ? ಎಷ್ಟು ಉಜ್ಜಿದ್ರೂ ಹೋಗಲ್ಲ."

"ಕಾಣುತ್ತೆ. ಕಾಣ್ಲಿ ಬಿಡು, ಕೈ ನಿನ್ನದೇ ತಾನೇ," ಎಂದರು ಅಕ್ಕ.

ಹುಡುಗಿ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮಧ್ಯಾಹ್ನದ ಪುಟಗಳನ್ನು ಎರಡನೇ ಸಲ ನೋಡಿದಳು. ಆಮೇಲೆ ತಲೆಯೆತ್ತಿ, "ಅಕ್ಕಾ, ಅವತ್ತು ನಿಮಗೇ ಹುಷಾರಿಲ್ಲ ಅಂದ್ರೆ ಯಾರು ಬರ್ತಾರೆ?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಕ್ಕನ ಮುಖ ಸ್ವಲ್ಪ ಬಿಗಿಯಿತು. "ನನಗೇನೂ ಆಗಲ್ಲಮ್ಮ," ಎಂದರು. ಹುಡುಗಿ ತಲೆಯಾಡಿಸಿದಳು, ಆದರೆ ಉತ್ತರ ಸಿಕ್ಕವಳ ಹಾಗೆ ಕಾಣಲಿಲ್ಲ.

ಯಾರ ಪಕ್ಕ ಯಾರು ನಿಲ್ಲುವುದಿಲ್ಲ ಎಂಬ ಮಾತು ಬಂದಾಗ ಹುಡುಗ ಬಾಯಿಬಿಟ್ಟ. ಅವನು ಸಣ್ಣವನಿದ್ದಾಗಲೇ ಅಪ್ಪ ಅಮ್ಮ ಬೇರೆಯಾಗಿದ್ದರು. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ಅವನನ್ನು ಸಾಕಿದ್ದಳು. ಅಪ್ಪ ಊರಿನ ಇನ್ನೊಂದು ತುದಿಯಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದ. ಮಗ ಇಬ್ಬರನ್ನೂ ನೋಡಿಕೊಂಡು ಬರುತ್ತಿದ್ದ, ಆದರೆ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿ ಬಹಳ ಕಾಲವಾಗಿತ್ತು. ಮದುವೆಗೆ ಇಬ್ಬರೂ ಬರುವವರಿದ್ದರು.

"ಇಬ್ಬರ ಜೊತೆ ನಾನಿರೋ ಫೋಟೋ ಒಂದೇ ಇರೋದು. ನನ್ನ ಎತ್ಕೊಂಡಿರೋ ಕಾಲದ್ದು," ಎಂದ ಹುಡುಗ. "ಇನ್ನೊಂದು ಬೇಕು ಅಂತ ಆಸೆ. ಕೇಳೋಕೆ ಧೈರ್ಯ ಸಾಲಲ್ಲ. ಅಮ್ಮನ ಮನಸ್ಸಿಗೆ ನೋವಾದ್ರೆ ಆ ದಿನ ಪೂರ್ತಿ ಹಾಳಾಗುತ್ತೆ."

"ಕೇಳೋದೇ ಬೇಡ," ಎಂದರು ಅಕ್ಕ. "ನನಗೆ ಬಿಡು."

ಅಕ್ಕನಿಗೆ ಅದಕ್ಕೊಂದು ಉಪಾಯವಿತ್ತು. ಹುಡುಗನನ್ನು ಎಲ್ಲರ ನಡುವೆ ನಿಲ್ಲಿಸುವುದು, ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಇರುವಂತೆ ತಾನೇ ಜಾಗ ಬದಲಿಸುತ್ತ ಕಾಯುವುದು. ಒಂದಲ್ಲ ಒಂದು ಗಳಿಗೆಯಲ್ಲಿ ಇಬ್ಬರೂ ಮಗನನ್ನೇ ನೋಡುತ್ತಾರೆ. ಆಗ ಒತ್ತಿದರೆ ಮೂವರೂ ಒಂದೇ ಚೌಕಟ್ಟಿನಲ್ಲಿ. ಅವರಿಗೆ ಗೊತ್ತೂ ಆಗುವುದಿಲ್ಲ. ಇಂಥ ಫೋಟೋಗಳನ್ನು ಅಕ್ಕ ಎಷ್ಟೋ ಮನೆಗಳಿಗೆ ತೆಗೆದುಕೊಟ್ಟಿದ್ದರು.

ಮದುವೆ ಹತ್ತಿರ ಬಂತು. ಇನ್ನೇನು ಬರುವ ಭಾನುವಾರ ಎನ್ನುವಾಗ ಅಕ್ಕ ಸ್ಟುಡಿಯೋದಲ್ಲಿ ಸುಟ್ಟುಹೋದ ಬಲ್ಬು ಬದಲಿಸಲು ಸ್ಟೂಲು ಹತ್ತಿದರು. ಸಾವಿರ ಸಲ ಹತ್ತಿದ್ದ ಸ್ಟೂಲು. ಆವತ್ತು ಒಂದು ಕಾಲು ನೆಲದ ಬಿರುಕಿಗೆ ಸಿಕ್ಕಿ ವಾಲಿತು. ಬಲ್ಬನ್ನು ಎಡಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡೇ ಅಕ್ಕ ಬಲಗೈಯ ಮೇಲೆ ಬಿದ್ದರು. ಬಲ್ಬಿಗೆ ಏನೂ ಆಗಲಿಲ್ಲ. ಮಣಿಕಟ್ಟಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ಬಂದಾಗ ಮೊಣಕೈವರೆಗೆ ಬಿಳಿ ಪ್ಲಾಸ್ಟರ್ ಕಟ್ಟು. ಬೆರಳ ತುದಿಗಳು ಮಾತ್ರ ಹೊರಗೆ. ಯಜಮಾನರು ಅವರ ತಲೆ ಬಾಚಿ ತುರುಬು ಕಟ್ಟಲು ಹೋಗಿ ಹಕ್ಕಿಗೂಡಿನಂಥದ್ದೇನನ್ನೋ ಮಾಡಿಟ್ಟರು. "ಮುಂದಿನಿಂದ ಚೆನ್ನಾಗಿದೆ," ಎಂದು ಸಮಾಧಾನ ಹೇಳಿದರು. ಅಕ್ಕ ನಗಲಿಲ್ಲ. ಹುಡುಗಿಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು.

ಒಬ್ಬೊಬ್ಬರಿಗೂ ಫೋನ್ ಮಾಡಿ ನೋಡಿದರು. ಪರಿಚಯದ ಒಳ್ಳೆಯ ಕೈಗಳೆಲ್ಲ ಆ ಭಾನುವಾರಕ್ಕೆ ಬೇರೆ ಕಡೆ ಒಪ್ಪಿಕೊಂಡಿದ್ದವು. ಪೇಟೆಯ ದೊಡ್ಡ ಸ್ಟುಡಿಯೋ ಒಂದರಲ್ಲಿ ಮಾತ್ರ, "ಅದಕ್ಕೇನಂತೆ, ನಮ್ಮವರು ಯಾರಾದ್ರೂ ಬರ್ತಾರೆ," ಎಂದರು.

"ಯಾರಾದ್ರೂ ಅಂದ್ರೆ ಯಾರು?"

"ಅವತ್ತು ಯಾರು ಖಾಲಿ ಇರ್ತಾರೋ ಅವರು."

ಅಕ್ಕ ಫೋನ್ ಇಟ್ಟುಬಿಟ್ಟರು. ಹೆಸರು ನೋಡಿ ಒಪ್ಪಿಕೊಂಡವರ ಮದುವೆಗೆ ಗುರುತಿಲ್ಲದ ಮುಖವೊಂದು ಬಂದು ನಿಲ್ಲುವುದನ್ನು ಅವರು ಬೇಕಾದಷ್ಟು ಕಡೆ ಕಂಡಿದ್ದರು. ಮದುವಣಗಿತ್ತಿ ಆ ದಿನವಿಡೀ "ಇವರು ಯಾರು?" ಎಂಬ ಕಣ್ಣಿನಲ್ಲೇ ಕ್ಯಾಮೆರಾ ನೋಡುತ್ತಾಳೆ, ಎಲ್ಲ ಫೋಟೋದಲ್ಲೂ ಅದೇ ಕಣ್ಣು ಬರುತ್ತದೆ.

"ಮೊದಲು ಆ ಹುಡುಗಿಗೆ ವಿಷಯ ತಿಳಿಸು," ಎಂದರು ಯಜಮಾನರು.

"ನಾಳೆ ಹೇಳ್ತೀನಿ."

"ನೀನು ಫೋನ್ ಮಾಡ್ತೀಯೋ, ಇಲ್ಲ ನಾನೇ ಮಾಡ್ಲೋ?"

ಗುರುತಿಲ್ಲದವರ ಜೊತೆ ಮಾತಾಡಲು ಹೆದರುವ ಮನುಷ್ಯ ಫೋನ್ ಮಾಡುತ್ತೇನೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ. ಅಕ್ಕ ಆಗಲೇ ಫೋನ್ ಮಾಡಿದರು.

ಹುಡುಗಿ ಊಟದ ಬಿಡುವಿನಲ್ಲಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿಬಂದಳು. ಮೊದಲು ಕೈಯನ್ನು ನೋಡಿದಳು. "ನೋವಿಗೆ ಏನು ಕೊಟ್ಟಿದ್ದಾರೆ? ಊಟ ಆದ್ಮೇಲೆ ತಾನೇ ತಗೋತಿರೋದು?" ಎಂದು ವಿಚಾರಿಸಿದಳು. ಅದೆಲ್ಲ ಆದ ಮೇಲೆ, "ಈಗ ಯಾರು ಬರ್ತಾರೆ ಅಕ್ಕಾ?" ಎಂದಳು.

"ನೀನು ಅವತ್ತು ಕೇಳಿದ್ದು ಸರಿಯಾಗೇ ಇತ್ತಮ್ಮ. ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗಲೂ ಇಲ್ಲ. ಹುಡುಕ್ತಿದೀನಿ."

"ನೀವು ಯಾರನ್ನ ಹೇಳಿದ್ರೂ ನನಗೆ ಒಪ್ಪಿಗೆ. ಆದ್ರೆ ಅವರನ್ನ ನಾನು ಮೊದಲೇ ನೋಡ್ಬೇಕು. ಅವರು ತೆಗೆದಿರೋ ಒಂದು ಪೂರ್ತಿ ಮದುವೆನೂ ನೋಡ್ಬೇಕು. ನೀವೇ ಹೇಳಿಕೊಟ್ಟಿದ್ದು."

ಅವಳು ಹೋದ ಮೇಲೆ ಯಜಮಾನರು ಚೌಕಟ್ಟಿಗೆ ಮೊಳೆ ಹೊಡೆಯುವುದನ್ನು ನಿಲ್ಲಿಸಿ, ಕಿಟಕಿಯಾಚೆ ಎದುರಂಗಡಿಯನ್ನೇ ನೋಡುತ್ತ ಕೂತರು. ಅಕ್ಕನಿಗೆ ಅರ್ಥವಾಯಿತು.

"ಸಾಧ್ಯವೇ ಇಲ್ಲ," ಎಂದರು.

"ನಾನೇನಂದೆ ಈಗ?"

"ಆ ಮನುಷ್ಯ ಕೂಗಾಡೋದಕ್ಕೆ ಗೋಡೆ ಸುಣ್ಣ ಉದುರುತ್ತೆ."

"ನೀನು ಫೋಟೋ ತೆಗೆದ ಮೊದಲನೇ ಮದುವೆಗೆ ಹೋಗಿದ್ದೂ ನನ್ನ ಬದಲಿಗೇ," ಎಂದು ಯಜಮಾನರು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಬೀದಿ ದಾಟಿದರು. ಕಿರಾಣಿ ಅಂಗಡಿಯವರು ತೂಕ ಮಾಡುವುದನ್ನು ಬಿಟ್ಟು ನೋಡಿದರು. ಅಕ್ಕ ಒಳಗೆ ಕಾಲಿಟ್ಟಾಗ ಹಲ್ಲಣ್ಣ ಲೆನ್ಸ್ ಒರೆಸುತ್ತಿದ್ದವರು ಎದ್ದು ನಿಂತರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

"ಕೈಗೆ ಏನಾಯ್ತು?"

"ಬಿದ್ದೆ."

"ಎಲ್ಲಿ?"

"ನಮ್ಮಂಗಡಿಯಲ್ಲೇ."

"ಸದ್ಯ! ನನ್ನ ಬೋರ್ಡ್ ದೀಪ ನೋಡಿ ಎಡವಿದೆ ಅಂತ ಹೇಳೋಕೆ ಬಂದ್ರೇನೋ ಅಂದ್ಕೊಂಡೆ."

ಅಕ್ಕನಿಗೆ ನಗು ಬಂತು. ಬರಬಾರದೆಂದು ತುಟಿ ಕಚ್ಚಿಕೊಂಡರೂ ಬಂತು. ಆಮೇಲೆ ಬಂದ ವಿಷಯ ಹೇಳಿದರು. ಹಲ್ಲಣ್ಣ ಆ ಭಾನುವಾರ ಒಪ್ಪಿಕೊಂಡಿದ್ದ ಮದುವೆ ಮುಂದಕ್ಕೆ ಹೋಗಿತ್ತು. "ಬರ್ತೀನಿ," ಎಂದರು ಒಂದೇ ಮಾತಿನಲ್ಲಿ. ಕುರ್ಚಿ ಎತ್ತಿ ನಿಲ್ಲಿಸಿ ಅಕ್ಕನಿಗೆ ಕೂರಲು ಕೊಟ್ಟರು.

ಮರುದಿನ ಸಂಜೆ ಜೋಡಿ ಬಂತು. ಹಲ್ಲಣ್ಣ ತಾವು ತೆಗೆದ ಒಂದು ಮದುವೆಯನ್ನು ಕಂಪ್ಯೂಟರಿನಲ್ಲಿ ಮೊದಲಿನಿಂದ ತೋರಿಸಿದರು. ಅಕ್ಕ ಹಿಂದೆ ನಿಂತು ನೋಡುತ್ತಿದ್ದರು. ಎದುರಂಗಡಿಯವರ ಕೆಲಸವನ್ನು ಅವರು ಹೀಗೆ ಪೂರ್ತಿಯಾಗಿ ಎಂದೂ ನೋಡಿರಲಿಲ್ಲ. ಬರೀ ಹಲ್ಲೇ ಇರುತ್ತದೆ ಎಂದುಕೊಂಡಿದ್ದರು. ಹಲ್ಲು ಇದ್ದೇ ಇತ್ತು. ಆದರೆ ಬಿಟ್ಟುಹೋದವರು ಯಾರೂ ಇರಲಿಲ್ಲ. ದೂರದ ಸಂಬಂಧದ ದೊಡ್ಡಪ್ಪ, ಅಡುಗೆಯವರು, ಗಾಡಿ ಓಡಿಸಿಕೊಂಡು ಬಂದವರು, ಗಾಲಿಕುರ್ಚಿಯ ಮುದುಕಿ, ಎಲ್ಲರೂ ಒಂದಲ್ಲ ಒಂದು ಕಡೆ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಿದ್ದರು. ಅಕ್ಕನ ಆಲ್ಬಮ್ಮುಗಳು ಎಷ್ಟೇ ಚೆನ್ನಾಗಿದ್ದರೂ ಆಮೇಲೆ ಒಬ್ಬರಾದರೂ ಬಂದು, "ನಮ್ಮ ಮಾವನದ್ದು ಒಂದೂ ಇಲ್ವಲ್ಲ ಅಕ್ಕಾ," ಎನ್ನುವುದಿತ್ತು.

ಔಷಧಿ ಅಂಗಡಿಯ ಹುಡುಗಿ ಪ್ರಶ್ನೆ ಶುರುಮಾಡಿದಳು. "ನೀವೇ ಬರ್ತೀರಾ?"

"ನಾನೇ ಬರ್ತೀನಿ."

"ಕ್ಯಾಮೆರಾ ಕೆಟ್ರೆ?"

"ಇನ್ನೊಂದಿದೆ. ತೆಗೆದ ಫೋಟೋ ಎರಡು ಕಡೆ ಉಳಿಯುತ್ತೆ, ಒಂದು ಹೋದ್ರೆ ಇನ್ನೊಂದಿರುತ್ತೆ."

"ಫೋಟೋ ಯಾವಾಗ ಸಿಗುತ್ತೆ?"

"ಬೇಗ ಕೊಡ್ತೀನಮ್ಮ."

"ಬೇಗ ಅಂದ್ರೆ?" ಎಂದು ಅಕ್ಕ ಹಿಂದಿನಿಂದ ಬಾಯಿ ಹಾಕಿದರು. "ಇವರಿಗೆ ಮಗು ಹುಟ್ಟೋಕೆ ಮೊದಲಾ, ಆಮೇಲಾ?"

ಹುಡುಗ ಕೆಂಪಾಗಿ ಕಿಟಕಿ ಕಡೆ ತಿರುಗಿದ. ಹಲ್ಲಣ್ಣ ತಲೆ ಕೆರೆದುಕೊಂಡು ಒಂದು ತಾರೀಖು ಹೇಳಿದರು.

ಜೋಡಿ ಹೋದ ಮೇಲೆ ಅಕ್ಕ ತಮಗೆ ಗೊತ್ತಿದ್ದುದನ್ನೆಲ್ಲ ಎದುರಂಗಡಿಯವರಿಗೆ ಒಪ್ಪಿಸಿದರು. ಹುಡುಗಿಯ ಅಜ್ಜಿಗೆ ಫ್ಲ್ಯಾಶ್ ಬೆಳಕು ಆಗುವುದಿಲ್ಲ. ಹುಡುಗಿಯ ತಂಗಿಗೆ ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಅಭ್ಯಾಸ, ಮಾತಾಡಿಸುತ್ತ ತೆಗೆಯಬೇಕು. ಕೊನೆಗೆ ಹುಡುಗನ ಅಪ್ಪ ಅಮ್ಮನ ವಿಷಯ.

"ಅವರಿಬ್ಬರನ್ನ ಮಾತ್ರ ಒಟ್ಟಿಗೆ ಕರೀಬೇಡಿ. ನಿಮ್ಮ ದಮ್ಮಯ್ಯ. ದೂರದಿಂದ ಕಾದು ತೆಗೆಯೋಕೆ ಆದ್ರೆ ತೆಗೀರಿ, ಇಲ್ದಿದ್ರೆ ಬಿಟ್ಟುಬಿಡಿ."

"ಹುಂ," ಎಂದರು ಹಲ್ಲಣ್ಣ. ಸ್ವಲ್ಪ ಹೊತ್ತು ಏನೋ ಯೋಚಿಸಿ, "ನೀವೂ ಬನ್ನಿ. ಮುರಿದಿರೋದು ಕೈ ತಾನೇ, ಕಣ್ಣಲ್ವಲ್ಲ," ಎಂದರು.

ಹುಡುಗಿಯೂ ಅದನ್ನೇ ಹೇಳಿ ಹೋಗಿದ್ದಳು. ಅತಿಥಿಯಾಗಿ ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು ಎಂದು.

ಮದುವೆ ಉದ್ಯಾನದ ಪಕ್ಕದ ಸಭಾಂಗಣದಲ್ಲಿತ್ತು. ಎತ್ತರದ ಕಿಟಕಿಗಳು, ಮರದ ನೆಲ, ಹೊರಗೆ ಅಗಲವಾದ ಮೆಟ್ಟಿಲು. ಅಕ್ಕ ಬಣ್ಣದ ಉಡುಪು ಉಟ್ಟುಕೊಂಡು ಬಂದಿದ್ದರು. ಮದುವೆಗೆ ಬಣ್ಣದ್ದು ಉಟ್ಟು ಎಷ್ಟು ಕಾಲವಾಗಿತ್ತೋ ಏನೋ. ಕುರ್ಚಿಯಲ್ಲಿ ಕೂತರೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಿಟಕಿಯ ಬೆಳಕು ಎಡಗಡೆಯಿಂದ ಬರುತ್ತಿದೆ, ಮದುಮಗಳು ಅರ್ಧ ಹೆಜ್ಜೆ ಮುಂದೆ ಬರಬೇಕು ಎಂದು ಕಣ್ಣು ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಏಳಬೇಕೆನಿಸಿದಾಗಲೆಲ್ಲ ಪ್ಲಾಸ್ಟರ್ ಕಟ್ಟು ತೊಡೆಗೆ ತಾಗಿ ಕೂರಿಸುತ್ತಿತ್ತು.

ಹುಡುಗ ಹುಡುಗಿ ಎದುರುಬದುರು ನಿಂತು ಒಬ್ಬರಿಗೊಬ್ಬರು ಮಾತು ಕೊಟ್ಟರು. ಹುಡುಗ, "ನಿನ್ನ ಸ್ಕೂಟರ್ ಯಾವತ್ತೂ ದಾರಿಯಲ್ಲಿ ನಿಲ್ಲದ ಹಾಗೆ ನೋಡ್ಕೋತೀನಿ. ನಿಂತರೆ, ಎಲ್ಲಿದ್ರೂ ಬರ್ತೀನಿ," ಎಂದ. ಸಭೆಯೆಲ್ಲ ನಕ್ಕಿತು. ಹುಡುಗಿ ಹೇಳಿದಳು: "ಹುಷಾರಿಲ್ಲದಿದ್ರೆ ಇಲ್ಲ ಅಂತ ಹೇಳ್ಬೇಕು. ನಿನಗೆ ಬೇಜಾರಾಗುತ್ತೆ ಅಂತ ನಾನೂ ಮುಚ್ಚಿಡಲ್ಲ, ನೀನೂ ಮುಚ್ಚಿಡಬಾರದು."

ಅಕ್ಕನ ಕಣ್ಣು ಮಂಜಾಯಿತು. ನೂರಾರು ಮದುವೆಗಳಲ್ಲಿ ತುಟಿಗಳು ಅಲುಗುವುದನ್ನು ನೋಡಿದ್ದರು. ತುಟಿ ಅರ್ಧ ತೆರೆದಿದ್ದಾಗ ಒತ್ತಬಾರದು, ಮುಚ್ಚಿದಾಗ ಒತ್ತಬೇಕು ಎಂಬುದು ಗೊತ್ತಿತ್ತು. ಅವರು ಏನು ಹೇಳುತ್ತಿದ್ದಾರೆಂದು ಕೂತು ಕೇಳಿದ್ದು ಇದೇ ಮೊದಲು.

ಮದುವೆಯ ದಾಖಲೆಗೆ ಸಹಿ ಹಾಕಿದ ಮೇಲೆ ಎಲ್ಲರೂ ಹೊರಗಿನ ಮೆಟ್ಟಿಲಿಗೆ ಬಂದರು. ಹಲ್ಲಣ್ಣ ಕೆಳಗೆ ನಿಂತು ತಮ್ಮ ದನಿ ತೆಗೆದರು. "ಹುಡುಗಿ ಕಡೆ ಸೋದರಮಾವಂದಿರು ಬನ್ನಿ! ಅಲ್ಲಿ ಮರದ ಕೆಳಗೆ ಅಡಗಿರೋ ಕನ್ನಡಕದವರೂ ಬನ್ನಿ! ಹಲ್ಲು, ಹಲ್ಲು!" ಜನ ನಗುತ್ತ ಬಂದರು, ನಗುತ್ತ ಹೋದರು. ಅಕ್ಕ ಕಂಬಕ್ಕೆ ಒರಗಿ ನೋಡುತ್ತಿದ್ದರು.

ಆಗ ಹಲ್ಲಣ್ಣ ಕ್ಯಾಮೆರಾ ಇಳಿಸಿ, "ಹುಡುಗನ ಅಪ್ಪ, ಹುಡುಗನ ಅಮ್ಮ," ಎಂದರು.

ಅಕ್ಕ ಕಂಬ ಬಿಟ್ಟು ನೆಟ್ಟಗಾದರು. ಹುಡುಗ ನೆಲ ನೋಡತೊಡಗಿದ. ಹುಡುಗನ ಅಮ್ಮ, ತೆಳ್ಳಗಿನ ಹೆಂಗಸು, ಕೈಚೀಲವನ್ನು ಪಕ್ಕದವರಿಗೆ ಕೊಟ್ಟು ಮೆಟ್ಟಿಲಿಳಿದು ಬಂದು ಮಗನ ಎಡಕ್ಕೆ ನಿಂತಳು. ಗುಂಪಿನ ಹಿಂಬದಿಯಿಂದ ಅಪ್ಪ ಬಂದ. ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತ ಬಲಕ್ಕೆ ನಿಂತ. ಸೊಸೆ ಅತ್ತೆಯ ಪಕ್ಕಕ್ಕೆ ಸರಿದಳು. ಹಲ್ಲಣ್ಣ ಹಲ್ಲಿನ ಸುದ್ದಿ ಎತ್ತಲಿಲ್ಲ. "ಎಲ್ಲಿ ಬೇಕೋ ಅಲ್ಲಿ ನೋಡಿ. ಅವಸರ ಇಲ್ಲ," ಎಂದು ಮೆಲ್ಲಗೆ ಹೇಳಿದರು. ಹುಡುಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಅವನ ಕಪ್ಪು ಉಗುರಿನ ಕೈಗಳು ಎರಡೂ ಕಡೆಯ ಹೆಗಲ ಮೇಲೆ ಹೋದವು.

ಊಟದ ಹೊತ್ತಿಗೆ ಅಕ್ಕನ ಪಕ್ಕದಲ್ಲೇ ಬಂದು ಕೂತದ್ದು ಆ ತಾಯಿ. ಎಡಗೈಯಲ್ಲಿ ಚಮಚ ಹಿಡಿದು ಒದ್ದಾಡುತ್ತಿದ್ದ ಅಕ್ಕನ ತಟ್ಟೆಯನ್ನು ಕೇಳದೆಯೇ ತನ್ನ ಕಡೆ ಎಳೆದುಕೊಂಡು, ಎಲ್ಲವನ್ನೂ ಸಣ್ಣ ತುಂಡು ಮಾಡಿ ತಿರುಗಿ ಕೊಟ್ಟಳು. ಊಟ ಬಿಸಿಯಾಗಿತ್ತು. ಮದುವೆ ಊಟ ಬಿಸಿಯಾಗಿರುತ್ತದೆ ಎಂಬುದನ್ನೇ ಅಕ್ಕ ಮರೆತಿದ್ದರು. ಅವರು ಉಣ್ಣುತ್ತಿದ್ದದ್ದು ಯಾವಾಗಲೂ ಎಲ್ಲರದೂ ಮುಗಿದ ಮೇಲೆ.

"ಆ ಕೂಗೋ ಫೋಟೋದವರು ನಿಮಗೆ ಗೊತ್ತಂತೆ," ಎಂದಳು ತಾಯಿ.

"ಗೊತ್ತು. ಎದುರಂಗಡಿ." ಅಕ್ಕ ಹಿಂಜರಿಯುತ್ತ ಕೇಳಿದರು, "ನಿಮಗೆ ಬೇಜಾರಾಯ್ತೇನೋ, ಹಾಗೆ ಎಲ್ಲರೆದುರಿಗೆ ಕರೆದದ್ದು?"

"ಅವರು ಬೆಳಿಗ್ಗೆಯೇ ನನ್ನ ಹತ್ರ ಬಂದು ಕೇಳಿದ್ರಲ್ಲ. 'ತಾಯೀ, ನಿಮ್ಮ ಮಗನ ಜೊತೆ ಇಬ್ಬರೂ ನಿಂತರೆ ಒಂದು ಫೋಟೋ ತೆಗೀತೀನಿ. ಬೇಡ ಅಂದ್ರೆ ಈ ಮಾತು ಇಲ್ಲಿಗೇ ಬಿಡ್ತೀನಿ, ಮಗನಿಗೂ ಹೇಳಲ್ಲ' ಅಂದ್ರು. ಮಗನ ಅಪ್ಪನ ಹತ್ರಾನೂ ಹೋಗಿ ಹಾಗೇ ಕೇಳಿದ್ದಾರೆ." ತಾಯಿ ನೀರು ಕುಡಿದು ಲೋಟ ಕೆಳಗಿಟ್ಟಳು. "ಇಷ್ಟು ವರ್ಷದಲ್ಲಿ ನನ್ನ ಯಾರೂ ಕೇಳಿರ್ಲಿಲ್ಲ ನೋಡಿ. ನನಗೆ ನೋವಾಗುತ್ತೆ ಅಂತ ಎಲ್ಲರೂ ಅವರವರೇ ತೀರ್ಮಾನ ಮಾಡಿಬಿಡೋರು. ನಾನು ಬರ್ತೀನಿ ಅಂದ್ರೆ ಆ ಮನುಷ್ಯನನ್ನ ಕರೀತಿರ್ಲಿಲ್ಲ, ಅವರು ಬರ್ತಾರೆ ಅಂದ್ರೆ ನನ್ನ ಕರೀತಿರ್ಲಿಲ್ಲ. ಸಿಟ್ಟು ಯಾವಾಗ ಇಳೀತು ಅಂತ ನನಗೇ ಗೊತ್ತಿಲ್ಲ. ಹೇಳೋಣ ಅಂದ್ರೆ ಕೇಳೋರೇ ಇರ್ಲಿಲ್ಲ."

ಅಕ್ಕ ತಟ್ಟೆ ನೋಡುತ್ತ ಕೂತರು. ಯಾರ ಪಕ್ಕ ಯಾರು ನಿಲ್ಲುವುದಿಲ್ಲ ಎಂದು ಇಷ್ಟು ವರ್ಷ ಜೋಡಿಗಳನ್ನು ಕೇಳಿದ್ದರು. ನಿಲ್ಲದವರನ್ನೇ ಹೋಗಿ ಕೇಳಬಹುದೆಂದು ಒಂದು ಸಲವೂ ಹೊಳೆದಿರಲಿಲ್ಲ. ತುಸು ಚುಚ್ಚಿದಂತಾಯಿತು. ಅದನ್ನು ಎದುರಂಗಡಿಯವರು ಮಾಡಿದ್ದಾರೆಂಬುದಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ಚುಚ್ಚಿತು.

ಹೊರಡುವಾಗ ಹಲ್ಲಣ್ಣ ಸಾಮಾನನ್ನು ಕಾರಿಗೆ ತುಂಬುತ್ತಿದ್ದರು. ಅಕ್ಕ ಹೋಗಿ ನಿಂತರು. "ಕರೀಬೇಡಿ ಅಂತ ಹೇಳಿದ್ದೆ."

"ಕರೀಬೇಡಿ ಅಂದ್ರಿ. ಕೇಳ್ಬೇಡಿ ಅಂದಿರ್ಲಿಲ್ಲ."

"ಅವರು ಕೂಗಾಡಿದ್ರೆ?"

"ನನ್ನ ಮೇಲೆ ಕೂಗಾಡೋರು. ಮಗನ ಮೇಲಲ್ಲ. ಸಂಜೆಗೆ ನಾನು ನನ್ನ ಮನೆಗೆ ಹೋಗ್ತೀನಿ, ಬೈಗುಳ ನನ್ನ ಜೊತೆ ಹೋಗುತ್ತೆ." ಹಲ್ಲಣ್ಣ ಡಿಕ್ಕಿ ಮುಚ್ಚಿದರು. "ಕೂತ್ಕೊಳ್ಳಿ, ಬಿಡ್ತೀನಿ. ಒಂದೇ ಬೀದಿಗೆ ತಾನೇ."

ಹೇಳಿದ ತಾರೀಖಿಗೆ ಫೋಟೋಗಳು ಬಂದವು. ಹುಡುಗಿ ಎಲ್ಲವನ್ನೂ ನೋಡಿದಳು. ಸ್ಕೂಟರಿನ ಮಾತು ಹೇಳಿದಾಗಿನದನ್ನು ಹುಡುಕಿದಳು. ನಗುತ್ತಿರುವ ಸಭೆ ಚೆನ್ನಾಗಿ ಬಂದಿತ್ತು. ಅವಳ ಮುಖ ಇರಲಿಲ್ಲ.

"ನಾನು ಆಗ ಜನರ ಕಡೆ ತಿರುಗಿದ್ದೆ," ಎಂದರು ಹಲ್ಲಣ್ಣ, ಮುಚ್ಚುಮರೆ ಇಲ್ಲದೆ. "ಅದು ತಪ್ಪಿಹೋಯ್ತಮ್ಮ."

"ನೀವು ಮುಂದೆ ಕೂತಿದ್ರಿ ಅಲ್ವಾ ಅಕ್ಕಾ?" ಹುಡುಗಿ ಅಕ್ಕನ ಕಡೆ ತಿರುಗಿದಳು. "ನನ್ನ ಮುಖ ಹೇಗಿತ್ತು?"

"ಮೊದಲು ನೀನು ಎಲ್ಲರ ಹಾಗೆ ನಗೋಕೆ ಹೋದೆ. 'ಎಲ್ಲಿದ್ರೂ ಬರ್ತೀನಿ' ಅಂದ ನೋಡು, ಅಲ್ಲಿ ನಗು ಅರ್ಧಕ್ಕೇ ನಿಂತು ಗಲ್ಲ ನಡುಗ್ತು. ಆಮೇಲೆ ಅವನ ಕಾಲರ್ ಮೇಲಿದ್ದ ದಾರದ ಎಳೆ ತೆಗೆದೆ. ಅಳಬಾರದು ಅಂತ."

"ಹೌದಾ? ದಾರ ತೆಗೆದ್ನಾ ನಾನು?" ಹುಡುಗಿಗೆ ನೆನಪೇ ಇರಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡಳು. ಹುಡುಗ ಕಾಲರ್ ಮುಟ್ಟಿ ನೋಡಿಕೊಂಡ.

ಸ್ವಲ್ಪ ದಿನ ಕಳೆದು ಹುಡುಗನ ತಾಯಿ ಒಬ್ಬಳೇ ಅಕ್ಕನ ಅಂಗಡಿಗೆ ಬಂದಳು. ಮೆಟ್ಟಿಲಿನ ಫೋಟೋಕ್ಕೆ ಚೌಕಟ್ಟು ಬೇಕಿತ್ತು. ಯಜಮಾನರು ಅದನ್ನು ಮೇಜಿನ ಮೇಲೆ ಹರಡಿ, ನೆಲ ನೋಡುತ್ತಲೇ, "ಬೇಕಿದ್ರೆ ನಿಮ್ಮದು, ಮಗನದ್ದು, ಸೊಸೆದು ಇರೋ ಹಾಗೆ ಈ ಬದಿ ಕತ್ತರಿಸಿಕೊಡ್ತೀನಿ," ಎಂದರು.

"ಬೇಡಪ್ಪ, ಇದ್ದ ಹಾಗೇ ಇರ್ಲಿ. ಅವತ್ತು ಅವರೂ ಬಂದಿದ್ರು ತಾನೇ," ಎಂದಳು ತಾಯಿ. "ಆದ್ರೆ ಗೋಡೆಗೆ ಹಾಕಲ್ಲ. ಹೊಲಿಗೆ ಯಂತ್ರದ ಪಕ್ಕ ಇಡೋ ಅಷ್ಟು ಚಿಕ್ಕದು ಮಾಡಿ."

ಅಕ್ಕನ ಕಟ್ಟು ಬಿಚ್ಚಿದ ಮೇಲೂ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ದೊಡ್ಡ ಲೆನ್ಸ್ ಹಿಡಿದು ದಿನವಿಡೀ ನಿಲ್ಲುವುದು ಇನ್ನಾಗದು ಎಂದರು ವೈದ್ಯರು. ಅಕ್ಕ ಕೆಲವು ದಿನ ಮಂಕಾಗಿದ್ದರು. ಆಮೇಲೆ ಒಂದು ಹಗುರವಾದ ಕ್ಯಾಮೆರಾ ಕೊಂಡರು. ಈಗ ಜೋಡಿಗಳು ಯಾವ ಅಂಗಡಿಗೆ ಬಂದರೂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಮಾತಾಡಬೇಕು. ಗುಂಪು, ಮೆಟ್ಟಿಲು, ಕೂಗಾಟ ಹಲ್ಲಣ್ಣನದು. ಮದುಮಕ್ಕಳ ಮುಖ, ಕಿಟಕಿಯ ಬೆಳಕು ಅಕ್ಕನದು. ಇಬ್ಬರಲ್ಲಿ ಒಬ್ಬರು ಬರಲಾಗದಿದ್ದರೆ ಇನ್ನೊಬ್ಬರು ಇದ್ದೇ ಇರುತ್ತಾರೆಂದು ಮೊದಲ ಮಾತಿನಲ್ಲೇ ಹೇಳಿಬಿಡುತ್ತಾರೆ. ಜೋಡಿಗಳಿಗೆ ಅದು ಹಿಡಿಸುತ್ತದೆ. ಅವರಿಬ್ಬರೂ ತಮ್ಮೆದುರಿಗೇ ಜಗಳವಾಡುವುದು ಇನ್ನೂ ಹೆಚ್ಚು ಹಿಡಿಸುತ್ತದೆ.

ಕಳೆದ ಭಾನುವಾರ ಬೆಳಿಗ್ಗೆ ಅವರು ಹೊರಡುವಾಗ ನಾನು ಅಲ್ಲೇ ಹಾಲು ತರಲು ನಿಂತಿದ್ದೆ. ಅಕ್ಕ ಮುಂದಿನ ಸೀಟಿನಲ್ಲಿ ಕ್ಯಾಮೆರಾ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸೇತುವೆ ಕಡೆಯಿಂದ ಹೋಗೋಣವೆಂದು ಅಕ್ಕ, ಮಾರುಕಟ್ಟೆ ಕಡೆಯಿಂದ ಎಂದು ಹಲ್ಲಣ್ಣ, ವಾದ ಆಗಲೇ ಶುರುವಾಗಿತ್ತು. ಯಜಮಾನರು ಬಾಗಿಲಲ್ಲಿ ನಿಂತು ಕೈಬೀಸಿದರು. ಕಾರು ಸೇತುವೆಯ ಕಡೆ ತಿ​ರುಗಿತು.